ಓದುಗರ ಪ್ರಶ್ನೆಗಳು: ಸವಾರೊ ಕಳ್ಳಿಗಳ ನಾಡಿಗೆ ಹೊರಡುವ ಮುನ್ನ

ಅಮೆರಿಕದ ಅರಿಝೋನ ರಾಜ್ಯದಲ್ಲಿ, ಟೂಸಾನ್ ನಗರದ ಅಂಚಿನಲ್ಲಿರುವ ಸವಾರೊ ರಾಷ್ಟ್ರೀಯ ಉದ್ಯಾನದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಒಟ್ಟಿಗೆ ಉತ್ತರಿಸಲು ಎತ್ತಿಕೊಂಡಿದ್ದೇನೆ. ಸವಾರೊ ಎಂದರೆ ಕಂಬದಂತೆ ನೆಟ್ಟಗೆ ಬೆಳೆದು ತೋಳಿನಂಥ ಕೊಂಬೆಗಳನ್ನು ಚಾಚುವ ದೈತ್ಯ ಕಳ್ಳಿ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ‘ಗ’ಕಾರ ಬಂದರೂ ಅಲ್ಲಿನ ಜನ ಅದನ್ನು ಉಚ್ಚರಿಸುವುದಿಲ್ಲವಾದ್ದರಿಂದ ಇಲ್ಲಿ ‘ಸವಾರೊ’ ಎಂದೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಮಗ ಫೀನಿಕ್ಸ್‌ನಲ್ಲಿದ್ದಾನೆ. ಮೇ ತಿಂಗಳ ನಡುವೆ ನಾವಿಬ್ಬರೂ ಅಲ್ಲಿಗೆ ಹೋಗಿ ಮೂರು ತಿಂಗಳು ಇರಲಿದ್ದೇವೆ. ದೊಡ್ಡ ಕಳ್ಳಿಗಳಿರುವ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳುತ್ತಿದ್ದಾನೆ. ನನಗೆ 66 ವರ್ಷ, ಯಜಮಾನರಿಗೆ 71, ಅವರಿಗೆ ಮಂಡಿನೋವಿದೆ. ಆ ಬಿಸಿಲಿಗೆ ನಮ್ಮಂಥವರು ಹೋಗಬಹುದೇ? ಉದ್ಯಾನ ಎರಡು ಭಾಗವಾಗಿದೆಯಂತೆ, ಯಾವುದನ್ನು ನೋಡಬೇಕು?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹೋಗಬಹುದು, ಆದರೆ ಗಡಿಯಾರ ನೋಡಿಕೊಂಡು ಹೋಗಬೇಕು. ನಡೆದಾಡಲು ಹಿತವಾದ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗಿನದು. ಜೂನ್ ಬಂದರೆ ಟೂಸಾನ್‌ನಲ್ಲಿ ಮಧ್ಯಾಹ್ನದ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟುವುದು ದಿನನಿತ್ಯದ ಮಾತು. ಹಾಗೆಂದು ನಿಮ್ಮ ಪ್ರವಾಸದ ಸಮಯ ತಪ್ಪಿತು ಎಂದುಕೊಳ್ಳಬೇಡಿ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಸವಾರೊ ಹೂ ಬಿಡುವ ಕಾಲ. ಚಳಿಗಾಲದಲ್ಲಿ ಬರುವ ಸಾವಿರಾರು ಜನರಿಗೆ ಸಿಗದ ಆ ನೋಟ ಮೇ ತಿಂಗಳಲ್ಲಿ ಹೋಗುವವರಿಗೆ ಸಿಗುತ್ತದೆ.

ಫೀನಿಕ್ಸ್‌ನಿಂದ ಟೂಸಾನ್ ಸುಮಾರು 180 ಕಿಲೋಮೀಟರ್, ಕಾರಿನಲ್ಲಿ ಎರಡು ತಾಸಿನ ದಾರಿ. ಹಿಂದಿನ ಸಂಜೆಯೇ ಟೂಸಾನ್ ತಲುಪಿ ಅಲ್ಲಿ ತಂಗಿ, ಬೆಳಿಗ್ಗೆ ಐದೂವರೆಗೆ ಸೂರ್ಯ ಮೂಡುವ ಹೊತ್ತಿಗೆ ಉದ್ಯಾನದೊಳಗೆ ಇರುವಂತೆ ನಿಮ್ಮ ಮಗನಿಗೆ ಹೇಳಿ. ಒಂಬತ್ತರ ಹೊತ್ತಿಗೆ ಹೊರಟುಬಿಡಿ. ಮುನ್ನೂರು ಅಡಿ ನಡೆದು ಬರುತ್ತೇವೆ, ನೀರು ಏಕೆ ಎಂಬ ಯೋಚನೆ ಮಾತ್ರ ಬೇಡ: ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡಿರಿ ಎಂಬುದು ನಿಮಗೇ ತಿಳಿಯುವುದಿಲ್ಲ. ಇಡೀ ದಿನಕ್ಕಾದರೆ ತಲೆಗೆ ನಾಲ್ಕು ಲೀಟರ್‌ ಎಂಬುದು ಅಲ್ಲಿನವರ ಲೆಕ್ಕ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಮಾತ್ರೆಗಳು ಮೈಯ ನೀರನ್ನು ಇನ್ನಷ್ಟು ಇಳಿಸುತ್ತವೆ.

ಉದ್ಯಾನದ ಎರಡು ಭಾಗಗಳ ನಡುವೆ ಟೂಸಾನ್ ಊರೇ ಇದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಮುಕ್ಕಾಲು ತಾಸಿಗೂ ಹೆಚ್ಚು ಬೇಕು. ಪೂರ್ವದ ರಿಂಕನ್ ಬೆಟ್ಟಗಳ ಭಾಗ ವಿಸ್ತಾರವಾದದ್ದು, 2,600 ಮೀಟರಿಗೂ ಮಿಕ್ಕಿ ಎತ್ತರಕ್ಕೆ ಏರಿ ಪೈನ್ ಮರಗಳ ಕಾಡನ್ನೂ ಮುಟ್ಟುತ್ತದೆ; ಅಲ್ಲಿ 13 ಕಿಲೋಮೀಟರಿನ ಡಾಂಬರು ಸುತ್ತುರಸ್ತೆಯಿದೆ. ಪಶ್ಚಿಮದ ಟೂಸಾನ್ ಬೆಟ್ಟಗಳ ಭಾಗ ಚಿಕ್ಕದು, ಆದರೆ ಕಳ್ಳಿಗಳು ಹೆಚ್ಚು ದಟ್ಟ. ನಿಮಗೆ ಒಂದೇ ಬೆಳಗಿನ ಅವಕಾಶವಿದ್ದರೆ ಪಶ್ಚಿಮಕ್ಕೆ ಹೋಗಿ. ಅಲ್ಲಿನ ಡೆಸರ್ಟ್ ಡಿಸ್ಕವರಿ ಎಂಬ ಕಾಲುದಾರಿ ಮುಕ್ಕಾಲು ಕಿಲೋಮೀಟರಿನಷ್ಟು ಮಾತ್ರ. ನೆಲ ಗಟ್ಟಿಮಾಡಿದ ಹಾದಿಯಾದ್ದರಿಂದ ಯಜಮಾನರು ಕೋಲೂರಿಕೊಂಡು ನಿಧಾನವಾಗಿ ನಡೆಯಬಹುದು. ಕಾರಿಗೆ 25 ಡಾಲರ್ ಪ್ರವೇಶಧನ, ಅದು ಏಳು ದಿನ ಎರಡೂ ಭಾಗಗಳಿಗೆ ಸಲ್ಲುತ್ತದೆ. ದರಗಳು ಬದಲಾಗುತ್ತಿರುವುದರಿಂದ ಹೊರಡುವ ವಾರ ಉದ್ಯಾನದ ಅಧಿಕೃತ ಜಾಲತಾಣ ನೋಡಿಕೊಳ್ಳಲಿ.

ಹೂವನ್ನು ನೋಡಲು ಕತ್ತೆತ್ತಬೇಕಾಗುತ್ತದೆ, ಏಕೆಂದರೆ ಅವು ಕಂಬದ ನೆತ್ತಿಯಲ್ಲೂ ತೋಳುಗಳ ತುದಿಯಲ್ಲೂ ಕಿರೀಟ ಇಟ್ಟಂತೆ ಅರಳುತ್ತವೆ. ಆದರೆ ಹಿಮ ಬಿದ್ದು ಬಗ್ಗಿದ ತೋಳಿರುವ ಮುದಿ ಸವಾರೊ ಸಿಕ್ಕರೆ ಹೂ ಕಣ್ಣೆತ್ತರಕ್ಕೇ ಬಂದಿರುತ್ತದೆ. ನಾನು ಅಂಥದೊಂದರ ಮುಂದೆ ಬೆಳಗಿನ ಆರು ಗಂಟೆಗೆ ನಿಂತಿದ್ದೆ. ಅಂಗೈಯಗಲದ ಬಿಳಿ ಹೂ, ಮೇಣದಲ್ಲಿ ಅಚ್ಚುಹೊಯ್ದಂಥ ದಪ್ಪ ಎಸಳು, ನಡುವೆ ಒತ್ತೊತ್ತಾಗಿ ಹಳದಿ ಕೇಸರಗಳು, ಅವುಗಳೊಳಗೆ ತಲೆ ಹುದುಗಿಸಿದ ಏಳೆಂಟು ಜೇನುನೊಣಗಳು. ವಾಸನೆ ಬಲಿತ ಕರಬೂಜದ್ದು. ಒಂದು ಹೂ ರಾತ್ರಿ ಅರಳಿದರೆ ಮಾರನೆಯ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ರಾತ್ರಿ ಬಾವಲಿ, ಬೆಳಗಾದ ಮೇಲೆ ಜೇನು ಮತ್ತು ಬಿಳಿರೆಕ್ಕೆಯ ಬೆಳವ. ಇಷ್ಟೇ ಗಡುವಿನಲ್ಲಿ ಪರಾಗಸ್ಪರ್ಶ ಮುಗಿಯಬೇಕು.

ಇನ್ನೊಂದು ಮಾತು ಕೇಳಿಸಿಕೊಳ್ಳಿ. ಎಲ್ಲರೂ ದೈತ್ಯರನ್ನು ನೋಡಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ನೀವು ಮರಗಳ ಬುಡವನ್ನೂ ನೋಡಿ. ಹಸಿರು ತೊಗಟೆಯ ಪಾಲೊ ವರ್ಡೆ ಎಂಬ ಮರದ ನೆರಳಲ್ಲಿ, ಉದುರಿದ ಕಡ್ಡಿಗಳ ನಡುವೆ, ಹೆಬ್ಬೆರಳಿನ ಗಾತ್ರದ ಮುಳ್ಳಿನ ಉಂಡೆ ಕಂಡರೆ ಅದೇ ಸವಾರೊ ಮರಿ. ಮೊದಲ ಸಲ ಹೋದಾಗ ನಾನು ಅದನ್ನು ದಾಟಿ ಮುಂದೆ ಹೋಗಿದ್ದೆ. ಅಲ್ಲಿನ ಅರಣ್ಯ ಸಿಬ್ಬಂದಿಯೊಬ್ಬರು ವಾಪಸು ಕರೆದು ತೋರಿಸಿದರು. ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದರಿಂದ ಒಂದೂವರೆ ಅಂಗುಲ. ಹೂ ಬಿಡಲು ಸುಮಾರು 35 ವರ್ಷ, ಮೊದಲ ತೋಳು ಮೂಡಲು 50ರಿಂದ 70, ಮಳೆ ಕಡಿಮೆಯಿರುವ ಕಡೆ ನೂರು ವರ್ಷವೂ ಆಗಬಹುದು. ಬೆಳೆದ ಮೇಲೆ 12 ಮೀಟರ್ ಎತ್ತರ, ಆರು ಟನ್ ತೂಕ, 150ರಿಂದ 175 ವರ್ಷ ಆಯಸ್ಸು. ಹಲವು ತೋಳುಗಳಿರುವ ಮುದಿ ಸವಾರೊವನ್ನು ನೋಡುವಾಗ ನಿಮ್ಮ ಅಜ್ಜಿ ಹುಟ್ಟುವ ಮೊದಲೇ ಅದು ಯಾವುದೋ ಮರದ ನೆರಳಲ್ಲಿ ಕುಳಿತಿದ್ದಿರಬಹುದು ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕಳ್ಳಿಗೂ ಸವಾರೊಗೂ ಸಂಬಂಧವಿದೆಯೇ? ನೋಡಲು ಒಂದೇ ಥರ ಕಾಣುತ್ತವೆ.
— ಪಿಯುಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ನೀವು ಹೇಳುವ ಕಳ್ಳಿಯನ್ನು ಚುಚ್ಚಿದರೆ ಹಾಲು ಬರುತ್ತದೆಯೇ ನೋಡಿ. ಹಾಲು ಬಂದರೆ ಅದು ಯುಫೋರ್ಬಿಯಾ ಕುಲದ್ದು, ಆ ಕುಲದ ಹಲವು ಜಾತಿಗಳು ನಮ್ಮ ನೆಲದವೇ. ಕ್ಯಾಕ್ಟಸ್ ಕುಟುಂಬಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ನೀರಿಲ್ಲದ ನಾಡಿನಲ್ಲಿ ಬದುಕಬೇಕಾದ ಎರಡು ಬೇರೆ ಬೇರೆ ವಂಶಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ ಅಷ್ಟೆ. ಗುರುತು ಹಿಡಿಯಲು ಇನ್ನೊಂದು ದಾರಿಯಿದೆ: ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯ ಉಂಡೆಯಂಥ ಒಂದು ಸಣ್ಣ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ, ಹಾಲುಕಳ್ಳಿಯಲ್ಲಿ ಆ ಮೆತ್ತೆ ಇರುವುದಿಲ್ಲ.

ಸವಾರೊದ ನಿಜವಾದ ನೆಂಟರು ನಮ್ಮಲ್ಲಿಯೂ ಇದ್ದಾರೆ, ಆದರೆ ಎಲ್ಲರೂ ಅಮೆರಿಕ ಖಂಡಗಳಿಂದ ಬಂದವರು. ಪಾಪಾಸುಕಳ್ಳಿ ಅವುಗಳಲ್ಲೊಂದು. 1795ರಲ್ಲಿ ಬಟ್ಟೆಗೆ ಕೆಂಪು ಬಣ್ಣ ತೆಗೆಯಬೇಕೆಂದು ಅದರ ಮೇಲೆ ಬದುಕುವ ಕಾಚಿನೀಲ್ ಹುಳುವನ್ನು ಬ್ರೆಜಿಲ್‌ನಿಂದ ಭಾರತಕ್ಕೆ ತಂದರು; ತಂದ ಜಾತಿ ಬಣ್ಣಕ್ಕೆ ಒಳ್ಳೆಯದಾಗಿರಲಿಲ್ಲ, ಆದರೆ ಒಂದು ಬಗೆಯ ಪಾಪಾಸುಕಳ್ಳಿಯನ್ನು ದಕ್ಷಿಣ ಭಾರತದ ಬಹುಭಾಗದಿಂದ ತಿಂದು ಮುಗಿಸಿತು. ಈಗ ನಮ್ಮ ರೈತರು ಕಲ್ಲುಕಂಬಕ್ಕೆ ಹಬ್ಬಿಸಿ ಬೆಳೆಯುವ ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್. ನಿಮ್ಮ ಬೀದಿಯಲ್ಲಿ ಯಾರಾದರೂ ಕುಂಡದಲ್ಲಿ ಬೆಳೆಸಿ, ಅರಳುವ ರಾತ್ರಿ ನೆರೆಹೊರೆಯವರನ್ನು ಕರೆದು ತೋರಿಸುವ ‘ಬ್ರಹ್ಮಕಮಲ’ವೂ ಆ ಕುಟುಂಬದ್ದೇ. ಅದು ರಾತ್ರಿ ಅರಳಿ ಬೆಳಗಿಗೆ ಬಾಡುವುದನ್ನು ನೋಡಿದ್ದರೆ ಸವಾರೊ ಹೂವಿನ ಸ್ವಭಾವ ನಿಮಗೆ ಅರ್ಧ ಗೊತ್ತಾದಂತೆಯೇ.

ನೀರು ಕೂಡಿಡುವ ಬಗೆಯನ್ನೂ ತಿಳಿದುಕೊಳ್ಳಿ. ಸವಾರೊದ ಮೈಯುದ್ದಕ್ಕೂ ಸೀರೆಯ ನೆರಿಗೆಯಂಥ ಮಡಿಕೆಗಳಿವೆ. ಮಳೆ ಬಂದಾಗ ನೆಲದ ಮೇಲ್ಪದರದಲ್ಲೇ ಅಗಲವಾಗಿ ಹರಡಿದ ಬೇರುಗಳು ನೀರನ್ನು ಹೀರುತ್ತವೆ, ನೆರಿಗೆಗಳು ಬಿಚ್ಚಿಕೊಂಡು ಕಂಬ ಉಬ್ಬುತ್ತದೆ. ಬರದಲ್ಲಿ ನೆರಿಗೆಗಳು ಮತ್ತೆ ಒತ್ತಾಗುತ್ತವೆ. ಎಲೆಯಿಲ್ಲದ ಕಾರಣ ಆಹಾರ ತಯಾರಿಸುವ ಕೆಲಸವೂ ಈ ಹಸಿರು ಕಾಂಡದ್ದೇ. ಹಗಲು ಬಾಗಿಲು ತೆರೆದರೆ ನೀರು ಆವಿಯಾಗಿ ಹೋಗುತ್ತದೆಂದು ಅದು ತನ್ನ ಪತ್ರರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದ ಮೇಲೆ ಬಳಸುತ್ತದೆ. ಈ ಮಾತನ್ನು ನೆನಪಿಡಿ, ಮುಂದಿನ ಒಂದು ಉತ್ತರದಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ: ನಮಗೆ ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಡಿಸೆಂಬರ್ ರಜೆಯಲ್ಲಿ ಸವಾರೊಗೆ ಹೋಗಬೇಕೆಂದಿದ್ದೇವೆ. ಮುಳ್ಳು, ಹಾವು ಇವುಗಳ ಭಯ ಒಂದು ಕಡೆ. ಹತ್ತು ನಿಮಿಷಕ್ಕೆ ಮಕ್ಕಳಿಗೆ ಬೇಸರವಾದರೆ ಏನು ಮಾಡುವುದು ಎಂಬುದು ಇನ್ನೊಂದು ಕಡೆ.
— ಕನ್ನಡಿಗ ದಂಪತಿ, ಡಲ್ಲಾಸ್

ಉತ್ತರ: ಚೀಲದಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಬಾಚಣಿಗೆ ಇಟ್ಟುಕೊಳ್ಳಿ. ಅಲ್ಲಿ ತೊಂದರೆ ಕೊಡುವುದು ಸವಾರೊ ಅಲ್ಲ, ಚೋಯ ಎಂಬ ಗಿಡ್ಡ ಕಳ್ಳಿ. ದೂರದಿಂದ ಹೊಂಬಣ್ಣದ ತುಪ್ಪಳದಂತೆ ಮುದ್ದಾಗಿ ಕಾಣುವುದರಿಂದ ಮಕ್ಕಳು ಮುಟ್ಟಲು ಕೈ ಚಾಚುತ್ತಾರೆ. ತಾಗಿದರೆ ಸಾಕು, ಒಂದು ಗೆಣ್ಣು ಪೂರ್ತಿ ಕಳಚಿಕೊಂಡು ಚರ್ಮಕ್ಕೆ ಅಂಟುತ್ತದೆ. ಮುಳ್ಳಿನ ತುದಿಯಲ್ಲಿ ಗಾಳದಂಥ ಹಿಮ್ಮುಖ ಕೊಕ್ಕೆಗಳಿರುವುದರಿಂದ ಕೈಯಲ್ಲಿ ಕಿತ್ತರೆ ಕಿತ್ತ ಕೈಗೇ ಅಂಟುತ್ತದೆ. ಬಾಚಣಿಗೆಯ ಹಲ್ಲುಗಳನ್ನು ಚರ್ಮಕ್ಕೂ ಗೆಣ್ಣಿಗೂ ನಡುವೆ ತೂರಿಸಿ, ಯಾರೂ ಇಲ್ಲದ ಕಡೆಗೆ ಒಮ್ಮೆಲೆ ಚಿಮ್ಮಿ. ಉಳಿದ ಮುಳ್ಳುಗಳನ್ನು ಚಿಮಟದಿಂದ ತೆಗೆಯಿರಿ. ರ‍್ಯಾಟಲ್‌ಸ್ನೇಕ್ ಎಂಬ ಗಿಲಕಿ ಹಾವುಗಳು ಅಲ್ಲಿ ಇವೆಯಾದರೂ ಡಿಸೆಂಬರ್ ಚಳಿಯಲ್ಲಿ ಬಹುಮಟ್ಟಿಗೆ ಬಿಲದಲ್ಲಿರುತ್ತವೆ. ಹಾದಿ ಬಿಟ್ಟು ಇಳಿಯದಿರುವುದು, ಕಣ್ಣಿಗೆ ಕಾಣದ ಬಂಡೆಸಂದಿಯಲ್ಲಿ ಕೈಯಿಡದಿರುವುದು, ಇಷ್ಟು ಪಾಲಿಸಿದರೆ ಸಾಕು. ಬೆಳಗಿನ ಚಳಿಗೆ ಸ್ವೆಟರ್ ಇರಲಿ.

ಬೇಸರದ ಚಿಂತೆ ಬಿಡಿ. ಸಂದರ್ಶಕರ ಕೇಂದ್ರದಲ್ಲಿ ಜೂನಿಯರ್ ರೇಂಜರ್ ಪುಸ್ತಿಕೆ ಕೇಳಿ ಪಡೆಯಿರಿ. ಅದರಲ್ಲಿರುವುದನ್ನು ಮಾಡಿ ತೋರಿಸಿದ ಮಕ್ಕಳಿಗೆ ಬಿಲ್ಲೆ ಕೊಡುತ್ತಾರೆ. ಆಮೇಲೆ ಅವರಿಗೆ ತೂತು ಎಣಿಸುವ ಕೆಲಸ ಕೊಡಿ. ಸವಾರೊದ ಮೈಯಲ್ಲಿ ಮರಕುಟಿಗಗಳು ಗೂಡಿಗಾಗಿ ಕೊರೆದ ದುಂಡನೆಯ ಬಾಗಿಲುಗಳು ಕಾಣುತ್ತವೆ. ಹಕ್ಕಿ ಕೊರೆದ ಮೇಲೆ ಗಿಡವು ಆ ಗಾಯದ ಸುತ್ತ ಗಟ್ಟಿ ಪದರ ಕಟ್ಟಿಕೊಂಡು ತನ್ನ ನೀರನ್ನು ಕಾಪಾಡಿಕೊಳ್ಳುತ್ತದೆ. ಸವಾರೊ ಸತ್ತು ಕೊಳೆತ ಮೇಲೂ ಆ ಪದರ ಬೂಟಿನ ಆಕಾರದಲ್ಲಿ ಹಾಗೆಯೇ ಉಳಿಯುತ್ತದೆ; ಅದನ್ನು ಅಲ್ಲಿ ಸವಾರೊ ಬೂಟು ಎಂದೇ ಕರೆಯುತ್ತಾರೆ. ಮರಕುಟಿಗ ಬಿಟ್ಟುಹೋದ ಮನೆಗೆ ಬೇಸಿಗೆಯಲ್ಲಿ ಗುಬ್ಬಿಯಷ್ಟೇ ಪುಟ್ಟದಾದ ಎಲ್ಫ್ ಗೂಬೆ ಬಂದು ಸೇರುತ್ತದೆ. ಸತ್ತು ಒಣಗಿದ ಸವಾರೊದ ಅಸ್ಥಿಪಂಜರವನ್ನೂ ತೋರಿಸಿ: ನೆರಿಗೆಗೊಂದರಂತೆ ಉದ್ದನೆಯ ಮರದ ಗಳುಗಳು ನಿಂತಿರುತ್ತವೆ. ಪಶ್ಚಿಮ ಭಾಗದ ಸಿಗ್ನಲ್ ಹಿಲ್ ದಿಣ್ಣೆಗೆ ಹತ್ತಲು ಮಕ್ಕಳಿಗೆ ಹತ್ತು ನಿಮಿಷ ಸಾಕು. ಮೇಲೆ ಹೊಹೊಕಮ್ ಜನರು ಶತಮಾನಗಳ ಹಿಂದೆ ಬಂಡೆಯ ಮೇಲೆ ಕೆತ್ತಿದ ಸುರುಳಿಗಳೂ ಪ್ರಾಣಿಚಿತ್ರಗಳೂ ಇವೆ. ಅವನ್ನು ಕೈಯಿಂದ ಮುಟ್ಟಬಾರದು.

ಪ್ರಶ್ನೆ: ಈ ಕಳ್ಳಿಯ ಹಣ್ಣನ್ನು ತಿನ್ನುತ್ತಾರಂತೆ. ಪ್ರವಾಸಿಗಳೂ ಕೀಳಬಹುದೇ? ಉದ್ಯಾನವಾಗುವ ಮೊದಲು ಅಲ್ಲಿ ಯಾರಿದ್ದರು?
— ಗೃಹಿಣಿ, ಮಂಡ್ಯ

ಉತ್ತರ: ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಜನರ ಹತ್ತಿರ ಇದೆ. ಮರುಭೂಮಿಯ ಜನ ಎಂಬ ಅರ್ಥದ ತೊಹೊನೊ ಓಓಧಮ್ ಎಂಬ ಸಮುದಾಯ ಈ ನೆಲದಲ್ಲಿ ತಲೆತಲಾಂತರದಿಂದ ಬಾಳುತ್ತಿದೆ. 1850ರ ದಶಕದಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ಗಡಿಯನ್ನು ಅವರ ನಾಡಿನ ನಡುವೆಯೇ ಎಳೆದವು. ಅವರು ಗಡಿಯ ಎರಡೂ ಕಡೆ ಉಳಿದರು. ಸವಾರೊವನ್ನು ಅವರು ಗಿಡವೆಂದು ಎಣಿಸುವುದಿಲ್ಲ, ತಮ್ಮಂತೆಯೇ ಒಬ್ಬ ವ್ಯಕ್ತಿಯೆಂದು ಕಾಣುತ್ತಾರೆ.

ಜೂನ್ ಕೊನೆಯಿಂದ ಹಣ್ಣು ಮಾಗುತ್ತದೆ. ನಮಗೆ ಯುಗಾದಿ ಇರುವಂತೆ ಅವರಿಗೆ ಈ ಕೊಯ್ಲಿನೊಂದಿಗೆ ಹೊಸ ವರ್ಷ. ಸತ್ತ ಸವಾರೊದ ಗಳುಗಳನ್ನೇ ಒಂದಕ್ಕೊಂದು ಕಟ್ಟಿ ಉದ್ದನೆಯ ದೋಟಿ ಮಾಡಿ, ತುದಿಗೆ ಅಡ್ಡ ಕೋಲು ಬಿಗಿದು, ಮೇಲಿನ ಹಣ್ಣನ್ನು ತಳ್ಳಿ ಕೆಡಹುತ್ತಾರೆ. ಸಿಪ್ಪೆ ಒಡೆದರೆ ಒಳಗೆ ಕಡುಗೆಂಪು ತಿರುಳು, ಅದರ ತುಂಬ ಗಸಗಸೆಯಂಥ ಕಪ್ಪು ಬೀಜಗಳು. ಒಂದು ಹಣ್ಣಿನಲ್ಲಿ ಎರಡು ಸಾವಿರದವರೆಗೂ ಇರುತ್ತವೆ. ತಿರುಳು ತೆಗೆದ ಸಿಪ್ಪೆಯನ್ನು ಎಸೆಯದೆ, ಕೆಂಪು ಒಳಮೈ ಆಕಾಶಕ್ಕೆ ಕಾಣುವಂತೆ ನೆಲದ ಮೇಲೆ ಇಡುತ್ತಾರೆ. ಮಳೆಯನ್ನು ಬೇಡಿಕೊಳ್ಳುವ ಬಗೆ ಅದು. ತಿರುಳನ್ನು ನೀರಿನಲ್ಲಿ ಕುದಿಸಿ ಸೋಸಿ, ಮತ್ತೆ ಕಾಯಿಸಿ ಜೋನಿಬೆಲ್ಲದಂಥ ಪಾಕ ಮಾಡುತ್ತಾರೆ. ಆ ಪಾಕದ ಒಂದಷ್ಟನ್ನು ಹುಳಿಹಾಕಿ ತಯಾರಿಸಿದ ಮದ್ಯವನ್ನು ಮಳೆ ಕರೆಯುವ ವಿಧಿಯಲ್ಲಿ ಎಲ್ಲರೂ ಹಂಚಿ ಕುಡಿಯುತ್ತಾರೆ. ಅದಾದ ಕೆಲವೇ ದಿನಗಳಲ್ಲಿ ಅಲ್ಲಿನ ಮುಂಗಾರು ಇಳಿಯುತ್ತದೆ. ಹಕ್ಕಿ ಮತ್ತು ಪ್ರಾಣಿಗಳು ತಿಂದು ಹರಡಿದ ಬೀಜಗಳು ಮೊಳೆಯುವುದೂ ಅದೇ ಮಳೆಗೆ.

ಪ್ರವಾಸಿಗಳು ಕೀಳಬೇಡಿ. ಹಣ್ಣು ಆ ಹೊತ್ತಿನಲ್ಲಿ ಬೆಳವಗಳಿಗೂ ಬಾವಲಿಗಳಿಗೂ ಇರುವೆಗಳಿಗೂ ಇರುವ ದೊಡ್ಡ ಆಸರೆ, ಕೊಯ್ಲಿನ ಹಕ್ಕೂ ರೀತಿಯೂ ಅವರದು. ಅವರು ಕೈಯಾರೆ ಮಾಡಿದ ಪಾಕ ಟೂಸಾನ್‌ನಲ್ಲಿ ಸಿಕ್ಕರೆ ಕೊಂಡುಕೊಳ್ಳಿ. ಬೆಲೆ ಹೆಚ್ಚೆನಿಸಬಹುದು, ಆದರೆ ಸುಡುವ ಜೂನ್‌ನಲ್ಲಿ ದೋಟಿ ಹಿಡಿದು ನಿಂತವರ ದುಡಿಮೆ ಅದರಲ್ಲಿದೆ.

ಪ್ರಶ್ನೆ: ಹುಲ್ಲೊಂದು ಸವಾರೊ ಕಾಡನ್ನು ನಾಶ ಮಾಡುತ್ತಿದೆ ಎಂದು ಓದಿದೆ. ಆರು ಟನ್ ತೂಗುವ ಗಿಡಕ್ಕೆ ಹುಲ್ಲು ಏನು ಮಾಡೀತು?
— ಕೃಷಿಕ, ಬಳ್ಳಾರಿ

ಉತ್ತರ: ಬಳ್ಳಾರಿಯಿಂದಲೇ ಈ ಪ್ರಶ್ನೆ ಬಂದದ್ದು ಸರಿಯಾಗಿದೆ. ಅರಿಝೋನದಲ್ಲಿ ಬಫೆಲ್ ಹುಲ್ಲು ಎನ್ನುವುದು ನಮ್ಮ ಒಣಭೂಮಿಯಲ್ಲಿ ಮೇವಿಗೆ ಬೆಳೆಸುವ ಅಂಜನ್ ಹುಲ್ಲೇ. ಆಫ್ರಿಕದಿಂದ ಭಾರತದವರೆಗಿನ ಒಣ ಸೀಮೆ ಅದರ ತವರು. ಇಲ್ಲಿ ದನಕುರಿಗಳಿಗೆ ಒಳ್ಳೆಯ ಮೇವು. ಮೇವಿಗೂ ಮಣ್ಣು ಕೊಚ್ಚಿಹೋಗದಂತೆ ತಡೆಯುವುದಕ್ಕೂ ಕಳೆದ ಶತಮಾನದಲ್ಲಿ ಅದನ್ನು ಅರಿಝೋನಕ್ಕೆ ಒಯ್ದರು. ಈ ಉದ್ಯಾನವಿರುವ ಸೊನೋರನ್ ಮರುಭೂಮಿಯಲ್ಲಿ ಗಿಡಗಳ ನಡುವೆ ಬರಿನೆಲ ಇರುವುದರಿಂದ ಬೆಂಕಿ ಬಿದ್ದರೂ ಹಬ್ಬುತ್ತಿರಲಿಲ್ಲ, ಹಾಗಾಗಿ ಸವಾರೊ ಬೆಂಕಿ ತಾಳುವುದನ್ನು ಕಲಿಯಲೇ ಇಲ್ಲ. ಈ ಹುಲ್ಲು ಆ ಬರಿನೆಲವನ್ನೆಲ್ಲ ತುಂಬಿ, ಒಣಗಿ, ಬೆಟ್ಟದ ಪಕ್ಕೆಯನ್ನೇ ಬಣವೆ ಮಾಡುತ್ತದೆ. ಒಮ್ಮೆ ಸುಟ್ಟರೆ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ನೂರು ವರ್ಷದ ಸವಾರೊ ಚಿಗುರುವುದಿಲ್ಲ, ನೆರಳಿನಲ್ಲಿದ್ದ ಮರಿಗಳಂತೂ ಮೊದಲೇ ಹೋಗುತ್ತವೆ. ಬೆಂಕಿ ಬೀಳದಿದ್ದರೂ ಮೇಲಿನ ತೇವವನ್ನೆಲ್ಲ ಅದೇ ಹೀರುತ್ತದೆ. ಉದ್ಯಾನದ ಸಿಬ್ಬಂದಿಯೂ ಸ್ವಯಂಸೇವಕರೂ ಹಾರೆ ಹಿಡಿದು ಬುಡಸಮೇತ ಮೀಟಿ ಕೀಳುತ್ತಾರೆ, ಕೈಗೆಟುಕದ ಇಳಿಜಾರಿನಲ್ಲಿ ಮಳೆಗಾಲದ ಹಸಿರಿದ್ದಾಗ ಕಳೆನಾಶಕ ಸಿಂಪಡಿಸುತ್ತಾರೆ.

ನಿಮ್ಮೂರಿನ ಹೆಸರು ಹೊತ್ತ ಬಳ್ಳಾರಿ ಜಾಲಿಯ ಕಥೆ ಇದರ ತಿರುವುಮುರುವು. ಅದು ಅಮೆರಿಕ ಖಂಡಗಳಿಂದ ನಮ್ಮಲ್ಲಿಗೆ ಬಂದು ಕೆರೆಯಂಗಳ, ಗೋಮಾಳಗಳನ್ನು ನುಂಗಿತು. ಅದರ ಹತ್ತಿರದ ನೆಂಟನಾದ ಮೆಸ್ಕೀಟ್ ಮರ ಸೊನೋರನ್ ಮರುಭೂಮಿಯಲ್ಲಿ ತನ್ನ ಮನೆಯಲ್ಲಿದ್ದು, ಸವಾರೊ ಮರಿಗಳಿಗೆ ನೆರಳು ಕೊಡುವ ದಾದಿ ಮರವಾಗಿದೆ. ಅದರ ಸಿಹಿ ಕಾಯನ್ನು ಅಲ್ಲಿನ ಜನ ಬೀಸಿ ಹಿಟ್ಟು ಮಾಡುತ್ತಾರೆ. ಬಫೆಲ್ ಹುಲ್ಲನ್ನೂ ಬಳ್ಳಾರಿ ಜಾಲಿಯನ್ನೂ ಕಳೆಯಾಗಿ ಮಾಡಿದ್ದು ಸ್ಥಳಾಂತರ.

ದಾದಿ ಮರ ಹೋದರೆ ಏನಾಗುತ್ತದೆಂದು ಆ ಉದ್ಯಾನವೇ ಒಮ್ಮೆ ಕಂಡಿದೆ. 1933ರಲ್ಲಿ ಅಧ್ಯಕ್ಷ ಹೂವರ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ಪೂರ್ವ ಭಾಗದಲ್ಲಿ ಮುದಿ ಸವಾರೊಗಳ ದೊಡ್ಡ ಕಾಡೇ ಇತ್ತು, ಆದರೆ ಮರಿಗಳು ತೀರ ಕಡಿಮೆ. ಅದಕ್ಕೂ ಮೊದಲು ಸುಣ್ಣದ ಗೂಡುಗಳಿಗೂ ಒಲೆಗಳಿಗೂ ಮೆಸ್ಕೀಟ್ ಮತ್ತು ಪಾಲೊ ವರ್ಡೆ ಮರಗಳನ್ನು ಕಡಿದಿದ್ದರು, ದನಗಳು ಉಳಿದ ಮರಿಗಳನ್ನು ತುಳಿದಿದ್ದವು. ಮುದಿ ಗಿಡಗಳು ಹಿಮಕ್ಕೆ ಸಿಕ್ಕಿ ಸಾಲುಸಾಲಾಗಿ ಬಿದ್ದಾಗ ಶತಮಾನದ ಕೊನೆಗೆ ಇಲ್ಲಿ ಸವಾರೊ ಉಳಿಯುವುದಿಲ್ಲವೆಂದೇ ಕೆಲವು ವಿಜ್ಞಾನಿಗಳು ನುಡಿದಿದ್ದರು. ಕಡಿಯುವುದೂ ಮೇಯಿಸುವುದೂ ನಿಂತ ಮೇಲೆ ಮರಗಳು ಬಂದವು, ಮರಗಳಡಿ ಮರಿಗಳು ಬಂದವು. ಪಶ್ಚಿಮ ಭಾಗ 1961ರಲ್ಲಿ ಸೇರಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಈಗ ಅಲ್ಲಿ ಸುಮಾರು 20 ಲಕ್ಷ ಸವಾರೊಗಳಿವೆ. 1990ರಿಂದ ಹತ್ತು ವರ್ಷಕ್ಕೊಮ್ಮೆ ಅವುಗಳ ಗಣತಿ ನಡೆಯುತ್ತದೆ. ಆ ಹಳೆಯ ಸುಣ್ಣದ ಗೂಡುಗಳು ಪೂರ್ವ ಭಾಗದ ಕ್ಯಾಕ್ಟಸ್ ಫಾರೆಸ್ಟ್ ಹಾದಿಯಲ್ಲಿ ಇಂದಿಗೂ ನಿಂತಿವೆ. ಹೋದವರು ಅವನ್ನು ನೋಡದೆ ಬರಬೇಡಿ.

ನನಗೆ ಹುಲ್ಲಿಗಿಂತ ಹೆಚ್ಚು ಆತಂಕ ಬಿಸಿ ರಾತ್ರಿಗಳದ್ದು. 2023ರ ಬೇಸಿಗೆಯಲ್ಲಿ ಫೀನಿಕ್ಸ್ ನಗರದಲ್ಲಿ 31 ದಿನ ಸತತವಾಗಿ 43 ಡಿಗ್ರಿ ದಾಟಿತು, ಅಲ್ಲಿನ ಸವಾರೊಗಳು ತೋಳು ಕಳಚಿ ಬೀಳತೊಡಗಿದವು. ಧಾರವಾಡದ ವಿದ್ಯಾರ್ಥಿಗೆ ಹೇಳಿದಂತೆ ಸವಾರೊ ಉಸಿರಾಡುವುದು ರಾತ್ರಿ. ರಾತ್ರಿಯೂ ತಂಪಾಗದಿದ್ದರೆ ಅದು ಬಾಗಿಲು ತೆರೆಯಲಾರದು, ತೆರೆದರೆ ನೀರು ಕಳೆದುಕೊಳ್ಳುತ್ತದೆ. ಹುಲ್ಲನ್ನು ಹಾರೆಯಿಂದ ಮೀಟಬಹುದು.

ಪ್ರಶ್ನೆ: ಬರುವಾಗ ಒಂದು ಸಣ್ಣ ಸವಾರೊ ಗಿಡವನ್ನೋ ಬೀಜವನ್ನೋ ಬೆಂಗಳೂರಿಗೆ ತರಬಹುದೇ? ತಾರಸಿಯಲ್ಲಿ ಬೆಳೆಸುವ ಆಸೆ.
— ಬ್ಯಾಂಕ್ ನೌಕರ, ಬೆಂಗಳೂರು

ಉತ್ತರ: ದಯವಿಟ್ಟು ತರಬೇಡಿ. ಉದ್ಯಾನದೊಳಗಿಂದ ಕಲ್ಲು, ಬೀಜ, ಒಣಗಿದ ಗಳು ಏನನ್ನು ತೆಗೆದರೂ ಅಪರಾಧ. ಉದ್ಯಾನದ ಹೊರಗೂ ಅರಿಝೋನದ ಕಾನೂನು ಸವಾರೊವನ್ನು ರಕ್ಷಿಸುತ್ತದೆ. ತೋಟಗಳಿಗೆ ಮಾರಲು ಕದಿಯುವವರ ಕಾಟಕ್ಕೆ ಉದ್ಯಾನದವರು ಕೆಲವು ಗಿಡಗಳ ಮೈಯೊಳಗೆ ಮೈಕ್ರೊಚಿಪ್ ಇಟ್ಟಿದ್ದಾರೆ. ಕ್ಯಾಕ್ಟಸ್‌ಗಳನ್ನು ದೇಶದಿಂದ ದೇಶಕ್ಕೆ ಒಯ್ಯುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡಿದೆ, ಭಾರತಕ್ಕೆ ಬೀಜವನ್ನಾಗಲಿ ಗಿಡವನ್ನಾಗಲಿ ತರಲು ಸಸ್ಯ ತಪಾಸಣೆಯ ಅನುಮತಿ ಬೇಕು. ಒಂದು ಸವಾರೊ ತನ್ನ ಜೀವಮಾನದಲ್ಲಿ ಸುಮಾರು ನಾಲ್ಕು ಕೋಟಿ ಬೀಜ ಉದುರಿಸುತ್ತದೆ, ಅವುಗಳಲ್ಲಿ ಬದುಕಿ ದೊಡ್ಡದಾಗುವುದು ಒಂದೋ ಎರಡೋ. ತಾರಸಿಗೆ ಒಂದು ಬ್ರಹ್ಮಕಮಲದ ಎಲೆ ನೆಟ್ಟುಕೊಳ್ಳಿ. ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ, ನೆರೆಮನೆಯವರನ್ನೂ ಕರೆಯಬಹುದು.